ಬೆರಕೆ ಸೊಪ್ಪಿನ ಜಾಡು ಹಿಡಿದು

ಬೇಸಿಗೆಯ ಕೊನೆಗೆ ಒಂದೆರಡು ಹದವಾದ ಮಳೆ ಬಿದ್ದರೆ ಸಾಕು, ಕೆ.ಆರ್. ಪುರದಿಂದ ಹೊಸಕೋಟೆ ಕಡೆಗಿನ ಖಾಲಿ ಸೈಟುಗಳಲ್ಲಿ, ಕೆರೆ ಏರಿಯ ಮಗ್ಗುಲಲ್ಲಿ ಅಣ್ಣೆ, ಗೋಣಿ, ಕನ್ನೆ, ಕೊಮ್ಮೆ, ಗಣಿಕೆ ಎಲ್ಲ ಚಿಗುರುತ್ತವೆ. ಯಾರೂ ಬಿತ್ತದ ಇವನ್ನು ಹುಡುಕಿ, ಬಿಡಿಸಿ, ಒಟ್ಟಿಗೆ ಬೇಯಿಸಿದರೆ ಬೆರಕೆ ಸೊಪ್ಪು. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ದಂಟು, ಮೆಂತ್ಯ, ಪಾಲಕ್ ಕಟ್ಟುಕಟ್ಟಾಗಿ ಸಿಗುತ್ತವೆ. ಬೆರಕೆ ಸೊಪ್ಪಿಗೆ ಮಾತ್ರ ಗುರುತು ಬಲ್ಲ ಕೈ ಬೇಕು.

ಅಂಥ ಕೈಯೊಂದನ್ನು ನೋಡಲೆಂದೇ ನಾನು ಹೋದದ್ದು. ಎಪ್ಪತ್ತು ದಾಟಿದ ಅಜ್ಜಿ ಸೆರಗನ್ನು ಮಡಿಲು ಕಟ್ಟಿಕೊಂಡು, ಬಗ್ಗಿದಲ್ಲೇ ಮುಂದೆ ಸಾಗುತ್ತಾರೆ. ಹೆಬ್ಬೆರಳು, ತೋರುಬೆರಳು ಎರಡೇ ಕೆಲಸ ಮಾಡುತ್ತವೆ. "ತುದಿ ಚಿವುಟು ಕಣಮ್ಮ, ಬೇರು ಕೀಳ್ಬೇಡ. ಬುಡ ಇದ್ರೆ ಇನ್ನೊಬ್ರಿಗೂ ಆಗ್ತದೆ," ಎಂದರು. ಗಣಿಕೆಯ ಕಪ್ಪಗೆ ಹಣ್ಣಾದ ಕಾಯಿ ಬಾಯಿಗೆ ಹಾಕಿಕೊಳ್ಳಬಹುದು, ಹಸಿರು ಕಾಯಿ ಮುಟ್ಟಕೂಡದು.

ಅವರ ಬಳಿ ಹೆಚ್ಚು ಹೊತ್ತು ಹಿಡಿದದ್ದು ಹೊನಗೊನೆ ಸೊಪ್ಪಿನ ಪಾಠ. ಅದರ ಬಿಳಿ ಹೂ ಎಲೆ ಹೊರಟ ಗಿಣ್ಣಿಗೇ ಅಂಟಿಕೊಂಡಿರುತ್ತದೆ. ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಕೆರೆಗಳನ್ನು ಮುಚ್ಚುತ್ತಿರುವ ಅದರ ದಾಯಾದಿ ಕಳೆಯೊಂದು ಥೇಟ್ ಹಾಗೇ ಕಾಣುತ್ತದೆ, ಆದರೆ ಅದರ ಹೂವಿನ ಚೆಂಡು ಉದ್ದ ತೊಟ್ಟಿನ ಮೇಲೆ ನಿಂತಿರುತ್ತದೆ. ಅಜ್ಜಿ ಅದರ ದಂಟು ಮುರಿದು ಒಳಗಿನ ಪೊಳ್ಳು ತೋರಿಸಿದರು. ಆ ಕಳೆಯ ಊರು ಅವರಿಗೆ ಗೊತ್ತಿಲ್ಲ, ಗುಣ ಚೆನ್ನಾಗಿ ಗೊತ್ತು.

ಬೇಲಿ ಮೂಲೆಯಲ್ಲೊಂದು ಹುತ್ತ. ಗುಡುಗು, ಮಳೆ ಆದ ಮೇಲೆ ಅಲ್ಲಿ ಅಣಬೆ ಏಳುತ್ತಿತ್ತಂತೆ. ಹುತ್ತದ ಅಣಬೆಯ ಬೇಸಾಯಗಾರ ಗೆದ್ದಲು. ನೆಲದೊಳಗೆ ಅಗಿದ ಸೊಪ್ಪುಸೌದೆಯ ಮೇಲೆ ಅದು ಶಿಲೀಂಧ್ರ ಬೆಳೆಸಿಕೊಳ್ಳುತ್ತದೆ, ಕೊಡೆ ಹೊರಗೆ ಬಂದಾಗ ನಮಗೆ ಊಟ. ಮನುಷ್ಯರಿಗೆ ಇನ್ನೂ ಈ ಬೇಸಾಯ ಒಲಿದಿಲ್ಲ. ಬಣ್ಣ, ವಾಸನೆ ನೋಡಿ ಅಣಬೆಯ ವಿಷ ಹೇಳಲಾಗದು. ತಾಯಿ ತೋರಿಸಿಕೊಟ್ಟದ್ದನ್ನು ಬಿಟ್ಟು ಬೇರೆ ಯಾವುದನ್ನೂ ಅಜ್ಜಿ ಮುಟ್ಟುವುದಿಲ್ಲ.

ಬೆರಕೆ ಸೊಪ್ಪಿನ ಚರಿತ್ರೆ ಅವರ ಬಾಯಲ್ಲಿ ಚಿಕ್ಕದು. ಆಗ ಸುತ್ತೆಲ್ಲ ರಾಗಿ ಹೊಲ, ಕಳೆ ಕೀಳಲು ಹೆಂಗಸರು. ಹೊಲ ಒಡೆಯನದು, ಕಳೆ ಕೂಲಿಯವಳದು. ಆ ಕಳೆಯಲ್ಲೇ ಅಣ್ಣೆ ಸೊಪ್ಪಿತ್ತು, ಸಂಜೆಯ ಸಾರಿತ್ತು. ತೊಗರಿಬೇಳೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಜೊತೆ ಬೇಯಿಸಿ ಮಸೆದರೆ ಮುದ್ದೆಗೆ ಅದಕ್ಕಿಂತ ಬೇರೆ ಬೇಡ. ಗೋಣಿಯ ಹುಳಿ, ಗಣಿಕೆಯ ಸಣ್ಣ ಕಹಿ, ಅಣ್ಣೆಯ ಮೆತ್ತನೆ ಒಂದರೊಳಗೊಂದು ಬೆರೆಯುತ್ತವೆ.

ಹೊಲಗಳು ಲೇಔಟ್ ಆದವು. 2023ರಲ್ಲಿ ಮೆಟ್ರೊ ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್ ಮುಟ್ಟಿತು. ಕೊಳಚೆ ಸೇರುವ ಕೆರೆಯ ಹೊನಗೊನೆ ಸೀಸದಂಥ ಲೋಹಗಳನ್ನೂ ಹೀರಿಕೊಳ್ಳುತ್ತದೆ, ಹಾಗಾಗಿ ಅಜ್ಜಿ ಈಗ ನೀರಿನಂಚು ಬಿಟ್ಟು ಮೇಲಿನ ದಿಣ್ಣೆಗೆ ಹೋಗುತ್ತಾರೆ. ಅಭಿವೃದ್ಧಿಯಾದ ಕೆರೆಗಳಲ್ಲಿ ಬೇಲಿ, ನಡಿಗೆ ಪಥ, ಹುಲ್ಲುಹಾಸು. ಅಲ್ಲೇ ಒಂದು ತುಂಡು ನೆಲವನ್ನು ಔಷಧಿ ಹೊಡೆಯದೆ, ಕಳೆ ತೆಗೆಯದೆ ಬಿಟ್ಟು ಸೊಪ್ಪು ಬಿಡಿಸುವವರಿಗೆ ಬಾಗಿಲು ತೆರೆದರೆ ನಗರಕ್ಕೆ ಏನೂ ನಷ್ಟವಿಲ್ಲ.

ವೈಟ್‌ಫೀಲ್ಡಿನಲ್ಲಿ ಕೆಲಸಕ್ಕಿರುವ ಮೊಮ್ಮಗಳು ಕಂಡ ಗಿಡದ ಫೋಟೊ ಕಳಿಸಿ ಹೆಸರು ಕೇಳುತ್ತಾಳೆ. ಅಜ್ಜಿಗೆ ಫೋಟೊದಲ್ಲಿ ಗುರುತು ಹತ್ತುವುದಿಲ್ಲ, ಎಲೆ ಉಜ್ಜಿ ಮೂಸಿ ನೋಡಬೇಕು. ಮುಂದಿನ ಮಳೆಗೆ ರಜೆ ಹಾಕಿ ಜೊತೆಗೆ ಬರುತ್ತೇನೆ ಎಂದಿದ್ದಾಳಂತೆ. ಆ ದಿಣ್ಣೆಯಲ್ಲಿ ಆಗಲೇ ಸೈಟಿನ ಕಲ್ಲು ನೆಟ್ಟಿದ್ದಾರೆ.