ಹಸು ಏನು ತಿಂತು ಅಂತ ಹಾಲು ಹೇಳುತ್ತಾ?

ಕೆಂಗೇರಿ ಸುತ್ತಮುತ್ತ ಹಸು ಸಾಕಿ, ವಿಜಯನಗರ, ರಾಜಾಜಿನಗರದ ಮನೆಗಳಿಗೆ ‘ಹುಲ್ಲು ಮೇಯ್ದ ಹಸುವಿನ ಹಾಲು’ ಅಂತ ಮಾರೋ ಯೋಚನೆ ಇದೆಯಾ? ಹಾಗಾದರೆ ಐಸೋಟೋಪ್ ಪರೀಕ್ಷೆ ಬಗ್ಗೆ ಇಷ್ಟು ತಿಳಿದಿರಿ.

ಪ್ರಕೃತಿಯ ಇಂಗಾಲದಲ್ಲಿ ಸುಮಾರು 1.1% ಸ್ವಲ್ಪ ಭಾರದ ಇಂಗಾಲ-13. ಇದು ವಿಕಿರಣ ಸೂಸಲ್ಲ. ಭತ್ತ, ಗೋಧಿ, ಕುದುರೆ ಮೆಂತ್ಯದಂಥ ಸಿ3 ಗಿಡಗಳಲ್ಲಿ ಇದು ಕಡಿಮೆ. ಲ್ಯಾಬ್ ಅಳತೆಯಲ್ಲಿ ಸಾವಿರಕ್ಕೆ ಸುಮಾರು ಮೈನಸ್ 27. ಮುಸುಕಿನ ಜೋಳ, ರಾಗಿ, ಕಬ್ಬಿನಂಥ ಸಿ4 ಗಿಡಗಳಲ್ಲಿ ಜಾಸ್ತಿ. ಸುಮಾರು ಮೈನಸ್ 13. ತಿಂದ ಮೇವಿನ ಈ ಗುರುತು ರಕ್ತಕ್ಕೂ ಹಾಲಿಗೂ ಇಳಿಯುತ್ತೆ. ಮೇವು ಬದಲಾದರೆ ಕೆಲವೇ ವಾರದಲ್ಲಿ ಹಾಲಿನ ಅಂಕಿಯೂ ಬದಲಾಗುತ್ತೆ.

ಯೂರೋಪಿನ ತಂಪು ನಾಡಿನ ಹುಲ್ಲು ಸಿ3. ಹಾಗಾಗಿ ಜೋಳ ತಿನ್ನಿಸಿದ್ದು ಅಲ್ಲಿ ಹಾಲಲ್ಲೇ ಗೊತ್ತಾಗುತ್ತೆ. ನಮ್ಮಲ್ಲಿ ಆ ಲೆಕ್ಕ ನಡೆಯಲ್ಲ. ನೇಪಿಯರ್, ಗರಿಕೆ, ರಾಗಿಹುಲ್ಲು ಎಲ್ಲವೂ ಜೋಳದ ಹಾಗೆ ಸಿ4. ಕೊಟ್ಟಿಗೆಯಲ್ಲೇ ಭತ್ತದ ಹುಲ್ಲು, ಗೋಧಿ ಬೂಸಾ, ಕಡಲೆಕಾಯಿ ಹಿಂಡಿ ತಿಂದ ಹಸುವಿನ ಹಾಲೇ ಅವರ ಅಳತೆಗೆ ‘ಹುಲ್ಲುಗಾವಲಿನ ಹಾಲು’!

ತಂತ್ರಜ್ಞಾನ ಸುಳ್ಳಲ್ಲ. ನೀರು ಮಿತವಾಗಿ ಬಳಸೋ ತಳಿ ಗುರುತಿಸೋಕೆ ಜಿಕೆವಿಕೆಯಲ್ಲೂ ಇದೇ ಇಂಗಾಲ ಅಳೀತಾರೆ. ಆದರೆ ಹೊರದೇಶದ ಅಂಕಿ ನಂಬಿ ಸರ್ಟಿಫಿಕೇಟಿಗೆ ದುಡ್ಡು ಸುರೀಬೇಡಿ. ದಿನದ ಮೇವು ಬರೆದಿಡಿ, ಹಿಂಡಿ ಬಿಲ್ ಇಟ್ಟುಕೊಳ್ಳಿ, ಮೊಬೈಲಲ್ಲಿ ಫೋಟೋ ತೆಗೆಯಿರಿ. ಗ್ರಾಹಕರು ಕೇಳಿದಾಗ ಅದನ್ನೇ ತೋರಿಸಿ.