ವ್ಯಾಪಾರಿಗಳು ಮೊದಲೇ ಮಾತಾಡಿಕೊಂಡರೆ ಕೇಳುವವರು ಯಾರು?

ಮೂರು ವರ್ಷದ ಹಿಂದಿನ ಮಾತು. ನಮ್ಮ ಕಣದಲ್ಲಿ 18 ಕ್ವಿಂಟಲ್ ಮುಸುಕಿನ ಜೋಳ ಒಣಗಿ ರಾಶಿ ಬಿದ್ದಿತ್ತು. ಮೇಲೆ ಮೋಡ. ಬೆಳಿಗ್ಗೆ ಒಬ್ಬ ವ್ಯಾಪಾರಿ ಬಂದ. ಕಾಳನ್ನು ಅಂಗೈಲಿ ಉಜ್ಜಿ ನೋಡಿ ಕ್ವಿಂಟಲಿಗೆ 1,850 ಅಂದ. ಮಧ್ಯಾಹ್ನ ಇನ್ನೊಬ್ಬ ಬಂದ, ಹಲ್ಲಲ್ಲಿ ಕಡಿದು ನೋಡಿ 1,850 ಅಂದ. ಸಂಜೆ ಬಂದ ಮೂರನೆಯವನು ಗಾಡಿಯಿಂದ ಇಳಿಯಲೇ ಇಲ್ಲ. ಕಾಳು ಮುಟ್ಟಲಿಲ್ಲ, ಅಲ್ಲಿಂದಲೇ 1,850 ಅಂದ.

ಆ ವಾರ ಕೊಳ್ಳೇಗಾಲದಲ್ಲಿ 1,980 ನಡೀತಿತ್ತು. ಬಾಡಿಗೆ, ಹಮಾಲಿ, ತೂಕದ ಸೋರಿಕೆ ಎಲ್ಲ ಸೇರಿ ಕ್ವಿಂಟಲಿಗೆ 60 ರೂಪಾಯಿ ಕಳೆದರೂ 70 ರೂಪಾಯಿ ಕಮ್ಮಿಯಾಯಿತು. ಮೋಡಕ್ಕೆ ಹೆದರಿ ಕೊಟ್ಟುಬಿಟ್ಟೆ. ನನಗೆ ಹೋದದ್ದು 1,260 ರೂಪಾಯಿ. ಇಷ್ಟಕ್ಕೆ ಯಾವ ವಕೀಲನ ಮನೆ ಬಾಗಿಲು ತಟ್ಟೋದು? ಆದರೆ ನಮ್ಮೂರಲ್ಲಿ ನನ್ನ ಹಾಗೆ ಮಾರಿದವರು 40 ಮನೆಯವರು. ಎಲ್ಲರದೂ ಹೆಚ್ಚುಕಮ್ಮಿ ಅಷ್ಟೇ ರಾಶಿ ಅಂತ ಹಿಡಿದರೆ 50,400 ರೂಪಾಯಿ. ಅದೂ ಒಂದೇ ಊರಿಂದ, ಒಂದೇ ಬೆಳೆಗೆ.

ಆ ದೀಪಾವಳಿಗೆ ಮಾದಪ್ಪನ ಬೆಟ್ಟದ ಜಾತ್ರೆಗೆ ಹೊರಟ ನಮ್ಮ ತಂಗಿ ಮಗ ನಮ್ಮ ಮನೇಲಿ ಉಳಿದಿದ್ದ. ಅವನು ಬೆಂಗಳೂರಲ್ಲಿ ವಕೀಲ. ನನ್ನ ಗೋಳು ಕೇಳಿ ಅವನು ಹೇಳಿದ್ದು ಒಂದೇ ಮಾತು:

‘ಮಾವ, ಮೂವರೂ ಒಂದೇ ಬೆಲೆ ಹೇಳುದ್ರು ಅಂತೀರ, ಸರಿ. ಕೂಡಿ ಮಾತಾಡ್ಕೊಂಡ್ರು ಅನ್ನಕ್ಕೆ ಏನದ ನಿಮ್ತಾವ?’

ನನ್ನ ಹತ್ತಿರ ಏನೂ ಇರಲಿಲ್ಲ. ಚೀಟಿ ಇಲ್ಲ, ತಾರೀಖು ಇಲ್ಲ, ಬರೀ ಹೊಟ್ಟೆಯುರಿ ಇತ್ತು. ‘ಅಂಥದ್ದನ್ನ ಹುಡುಕೋದೇ ನಮ್ಮ ಕೆಲಸ’ ಅಂದ. ಅವನು ಕೆಲಸ ಮಾಡುವ ಆಫೀಸಿನಲ್ಲಿ ಭೂಮಿ ವ್ಯಾಜ್ಯ, ಕ್ರಿಮಿನಲ್ ಕೇಸು ಯಾವುದೂ ಇಲ್ಲವಂತೆ. ಇರೋದೆಲ್ಲ ಸ್ಪರ್ಧಾ ಕಾಯ್ದೆಯ ಕೇಸುಗಳೇ. ಹಾಗಂದರೇನು ಅಂತ ಅವತ್ತು ರಾತ್ರಿ ಕೂತು ಕೇಳಿದೆ. ಆಮೇಲೂ ಫೋನು ಮಾಡಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಟವೆಲ್ಲಿನ ವ್ಯಾಪಾರ

ದನದ ಜಾತ್ರೆಯಲ್ಲಿ ಟವೆಲ್ ಮುಚ್ಚಿ ಬೆರಳು ಹಿಡಿದು ವ್ಯಾಪಾರ ಮಾಡೋದನ್ನು ನಾವೆಲ್ಲ ನೋಡಿದ್ದೇವೆ. ಕೊಳ್ಳುವವನು ಎಷ್ಟು ಹೇಳಿದ ಅನ್ನೋದು ಮಾರುವವನಿಗೆ ಮಾತ್ರ ಗೊತ್ತು. ಪಕ್ಕದಲ್ಲಿ ನಿಂತ ಇನ್ನೊಬ್ಬ ಗಿರಾಕಿಗೆ ಗೊತ್ತಾಗಲ್ಲ. ಅದಕ್ಕೇ ಅವನು ತನ್ನ ಮನಸ್ಸಿಗೆ ಬಂದ ಬೆಲೆ ಹೇಳಬೇಕು. ಎತ್ತು ಬೇಕಾದರೆ ಒಂದು ಬೆರಳು ಜಾಸ್ತಿ ಹಿಡಿಯಬೇಕು. ಇದು ಸ್ಪರ್ಧೆ.

ಆದರೆ ಕೊಳ್ಳುವ ಮೂವರೂ ಜಾತ್ರೆಗೆ ಬರೋಕೆ ಮುಂಚೆ ಹೋಟೆಲಲ್ಲಿ ಕೂತು, ತಮ್ಮ ತಮ್ಮಲ್ಲೇ ಟವೆಲ್ ಮುಚ್ಚಿಕೊಂಡರೆ? ‘ಈ ಜೋಡಿ ನಿನಗೆ, ಆ ಜೋಡಿ ನನಗೆ, ಇಷ್ಟಕ್ಕಿಂತ ಮೇಲೆ ಯಾರೂ ಹೋಗಬಾರದು.’ ಇದಕ್ಕೆ ಕಾಯ್ದೆಯಲ್ಲಿ ಕಾರ್ಟೆಲ್ ಅಂತಾರೆ. ಟೆಂಡರಿನಲ್ಲಿ ಹೀಗೆ ಹೊಂದಿಕೊಂಡು ಬೆಲೆ ಬರೆದರೂ ಅದೇ ತಪ್ಪು.

ಇಲ್ಲಿ ಒಂದು ಸೂಕ್ಷ್ಮ ಇದೆ. ಬೆಲೆ ಕಮ್ಮಿ ಅನ್ನೋದು ಕೇಸಲ್ಲ. ಒಂದೇ ಬೆಲೆ ಅನ್ನೋದೂ ಕೇಸಲ್ಲ. ಪೇಟೆ ಬಿದ್ದಾಗ ಎಲ್ಲ ವ್ಯಾಪಾರಿಯೂ ಕಮ್ಮೀನೇ ಹೇಳ್ತಾನೆ, ಒಬ್ಬನ್ನ ನೋಡಿ ಇನ್ನೊಬ್ಬ ಹೇಳ್ತಾನೆ. ಕೂಡಿ ಮಾತಾಡಿಕೊಂಡು ಕಮ್ಮಿ ಮಾಡಿದರು ಅನ್ನೋದು ಕೇಸು. ಆ ಮಾತುಕತೆಗೆ ಸಾಕ್ಷಿ ಬೇಕು. ನಮ್ಮ ಹುಡುಗ ಮೂರನೇ ವ್ಯಾಪಾರಿ ವಿಷಯ ಕೇಳಿ ಕಿವಿ ನಿಮಿರಿಸಿದ. ‘ಕಾಳು ನೋಡದೆ ಅದೇ ಬೆಲೆ ಹೆಂಗೆ ಹೇಳ್ದ? ಸುಳಿವು ಅಂದ್ರೆ ಅಂಥದ್ದು. ಆದ್ರೆ ಬರೀ ಸುಳಿವು ಸಾಲಲ್ಲ.’

ಕಾಯ್ದೆ ಏನು ಹೇಳುತ್ತದೆ?

ಹಿಂದೆ 1969ರ ಏಕಸ್ವಾಮ್ಯ ತಡೆ ಕಾಯ್ದೆ ಅಂತ ಇತ್ತು. ಅದರ ಜಾಗಕ್ಕೆ ಬಂದದ್ದು 2002ರ ಸ್ಪರ್ಧಾ ಕಾಯ್ದೆ. ಇದನ್ನು ನೋಡಿಕೊಳ್ಳುವುದು ದೆಹಲಿಯಲ್ಲಿರುವ ಭಾರತೀಯ ಸ್ಪರ್ಧಾ ಆಯೋಗ. ಕೂಟ ಕಟ್ಟುವುದರ ಮೇಲಿನ ಕಲಮುಗಳು ಜಾರಿಗೆ ಬಂದದ್ದು 2009ರ ಮೇ ತಿಂಗಳಲ್ಲಿ. ಕಾಯ್ದೆಗೆ ಮೂರು ಕವಲು.

ಒಂದು, ಮೇಲೆ ಹೇಳಿದ ಕೂಟ.

ಎರಡು, ದೊಡ್ಡವನು ತನ್ನ ಬಲ ದುರುಪಯೋಗ ಮಾಡೋದು. ದೊಡ್ಡವನಾಗಿರೋದು ತಪ್ಪಲ್ಲ. ಊರಿಗೆಲ್ಲ ಒಂದೇ ಬೋರ್‌ವೆಲ್ ಇದ್ದು ಅದು ಒಬ್ಬನದೇ ಆಗಿದ್ದರೆ ಅದು ಅವನ ಅದೃಷ್ಟ. ‘ನೀರು ಬೇಕಾದರೆ ಗೊಬ್ಬರಾನೂ ನನ್ನ ಅಂಗಡಿಯಲ್ಲೇ ತಗೋ’ ಅಂದರೆ ದುರುಪಯೋಗ. ಯಳಂದೂರು ಕಡೆಯ ನಮ್ಮ ಬೀಗರು ಭತ್ತಕ್ಕೆ ಯೂರಿಯಾ ತರಲು ಹೋದಾಗ ಅಂಗಡಿಯವನು ಬೇಡದ ಡಬ್ಬಿಯೊಂದನ್ನು ‘ಲಿಂಕ್’ ಅಂತ ಜೊತೆಗೆ ಕಟ್ಟಿದ್ದ. ರೋಗ ಅದೇ ಜಾತಿಯದು. ಆದರೆ ಒಂದು ಅಂಗಡಿಯ ಲಿಂಕಿಗೆ ದೆಹಲಿಗೆ ಹೋಗಬೇಕಿಲ್ಲ, ಕೃಷಿ ಇಲಾಖೆಗೆ ದೂರು ಕೊಡೋದೇ ಹತ್ತಿರದ ದಾರಿ.

ಮೂರು, ದೊಡ್ಡ ಕಂಪನಿಗಳು ಒಂದಾಗೋದು. ಒಂದಾಗುವ ಮೊದಲು ಆಯೋಗದ ಒಪ್ಪಿಗೆ ಬೇಕು. ಬೇಯರ್ ಕಂಪನಿ ಮೊನ್ಸಾಂಟೊವನ್ನು ಕೊಂಡಾಗ 2018ರಲ್ಲಿ ಆಯೋಗ ಷರತ್ತು ಹಾಕಿಯೇ ಒಪ್ಪಿತು. ಬೀಜದ ವಂಶಗುಣದ ಲೈಸೆನ್ಸನ್ನು ಭೇದ ಮಾಡದೆ ಕೊಡಬೇಕು ಅನ್ನೋದು ಅದರಲ್ಲೊಂದು.

ಈ ಮೂರೂ ಕಡೆ ವಕೀಲರಿಗೆ ಕೆಲಸ. ದೂರು ಕೊಡುವವರ ಪರ ಒಬ್ಬರು, ಕಂಪನಿ ಪರ ಒಬ್ಬರು. ನಮ್ಮ ಹುಡುಗನ ಆಫೀಸು ಬಹಳ ಸಲ ಕಂಪನಿ ಪರವೇ ಇರುತ್ತೆ. ಅದನ್ನೂ ಅವನು ಮುಚ್ಚಿಡಲಿಲ್ಲ.

ಮೊದಲು ಬಾಯಿ ಬಿಟ್ಟವನಿಗೆ ರಿಯಾಯಿತಿ

ಗುಟ್ಟಾಗಿ ಆದ ಮಾತಿಗೆ ಸಾಕ್ಷಿ ಎಲ್ಲಿಂದ ಬರಬೇಕು? ಆಯೋಗಕ್ಕೆ ದೂರಿನಲ್ಲಿ ಹುರುಳಿದೆ ಅನ್ನಿಸಿದರೆ ತನ್ನ ಮಹಾನಿರ್ದೇಶಕರಿಗೆ ತನಿಖೆ ಒಪ್ಪಿಸುತ್ತೆ. ಅವರು ಮ್ಯಾಜಿಸ್ಟ್ರೇಟರ ವಾರಂಟ್ ಪಡೆದು ಆಫೀಸುಗಳನ್ನು ಶೋಧಿಸಬಹುದು. ಪತ್ರ, ಇ-ಮೇಲ್, ಫೋನಿನ ಸಂದೇಶ ಎಲ್ಲ ತೆಗೆಯುತ್ತಾರೆ.

ಇನ್ನೊಂದು ಉಪಾಯ ಕಾಯ್ದೆಯಲ್ಲೇ ಇದೆ. ಕೂಟದಲ್ಲಿದ್ದವನೇ ಮೊದಲು ಬಂದು ಪೂರ್ತಿ ನಿಜ ಹೇಳಿದರೆ ಅವನಿಗೆ ಇಡೀ ದಂಡ ಮಾಫಿಯಾಗಬಹುದು. ಎರಡನೆಯವನಿಗೆ ರಿಯಾಯಿತಿ ಕಮ್ಮಿ, ಮೂರನೆಯವನಿಗೆ ಇನ್ನೂ ಕಮ್ಮಿ. ಬಿಯರ್ ಕಂಪನಿಗಳ ಕೇಸಿನಲ್ಲಿ ಆದದ್ದು ಇದೇ. ಕಂಪನಿಗಳು ಬೆಲೆ ವಿಷಯದಲ್ಲಿ ಒಳಗೊಳಗೇ ಹೊಂದಿಕೊಂಡಿದ್ದವು. ಒಂದು ಕಂಪನಿ ತಾನಾಗಿ ಹೋಗಿ ಒಪ್ಪಿಕೊಂಡಿತು. 2021ರ ಸೆಪ್ಟೆಂಬರಿನಲ್ಲಿ ಆಯೋಗ ಒಟ್ಟು ಸುಮಾರು 873 ಕೋಟಿ ರೂಪಾಯಿ ದಂಡ ಹಾಕಿತು. ಅದರಲ್ಲಿ ದೊಡ್ಡ ಪಾಲು ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ಗೆ. ಮೊದಲು ಒಪ್ಪಿಕೊಂಡವರಿಗೆ ಒಂದು ರೂಪಾಯಿಯೂ ಇಲ್ಲ. ಇಂಥ ಹೊತ್ತಿನಲ್ಲಿ ಕಂಪನಿ ವಕೀಲನ ಕೆಲಸ ವಾದ ಮಾಡೋದಲ್ಲ, ‘ಬೇರೆಯವರು ಹೋಗೋಕೆ ಮುಂಚೆ ನೀವು ಹೋಗಿ’ ಅಂತ ಹೇಳೋದು.

ಕನ್ನಡದವರ ಒಂದು ಕೇಸು

ಆಯೋಗಕ್ಕೆ ಹೋಗಲು ಕೋಟ್ಯಧಿಪತಿಯೇ ಆಗಬೇಕಿಲ್ಲ ಅನ್ನೋದಕ್ಕೆ ಡಬ್ಬಿಂಗ್ ಕೇಸು ಸಾಕ್ಷಿ. ಬೇರೆ ಭಾಷೆಯ ಚಿತ್ರ, ಟಿವಿ ಕಾರ್ಯಕ್ರಮಗಳನ್ನು ಕನ್ನಡಕ್ಕೆ ಡಬ್ ಮಾಡಿ ತೋರಿಸದಂತೆ ಚಿತ್ರರಂಗದ ಸಂಘಗಳು ತಡೆದಿದ್ದವು. 2012ರಲ್ಲಿ ಕನ್ನಡ ಗ್ರಾಹಕರ ಕೂಟ ಆಯೋಗಕ್ಕೆ ದೂರು ಕೊಟ್ಟಿತು. 2015ರ ಜುಲೈನಲ್ಲಿ ಆಯೋಗ ಇದು ಸ್ಪರ್ಧೆಗೆ ವಿರುದ್ಧ ಅಂತ ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿ ಮೂರು ಸಂಸ್ಥೆಗಳಿಗೆ ಒಟ್ಟು ಸುಮಾರು 20 ಲಕ್ಷ ರೂಪಾಯಿ ದಂಡ ಹಾಕಿತು.

ನಮ್ಮ ಕಡೆಯವರೇ ಆದ ಡಾ. ರಾಜ್‌ಕುಮಾರ್ ಡಬ್ಬಿಂಗ್ ಬೇಡ ಅಂದವರು. ಅವರ ಮಾತಿಗೆ ನನಗೆ ಇವತ್ತೂ ಗೌರವ ಇದೆ. ಆದರೆ ಕಾಯ್ದೆ ನೋಡುವ ರೀತಿ ಬೇರೆ. ಬೇಡ ಅಂತ ಹೇಳುವ ಹಕ್ಕು ಎಲ್ಲರಿಗೂ ಇದೆ. ಸಂಘ ಕಟ್ಟಿಕೊಂಡು ಬೇರೆಯವನು ಮಾರದ ಹಾಗೆ, ಕೊಳ್ಳುವವನು ಕೊಳ್ಳದ ಹಾಗೆ ಬಾಗಿಲು ಹಾಕುವ ಹಕ್ಕು ಇಲ್ಲ. ಮಂಡಿ ವರ್ತಕರ ಸಂಘಕ್ಕೂ ಇದೇ ಮಾತು ಹೊಂದುತ್ತೆ. ಸಂಘ ಇರಬಹುದು. ‘ಇಂಥ ಊರಿನ ಮಾಲು ಯಾರೂ ಎತ್ತಬೇಡಿ’ ಅಂತ ಸಂಘದಲ್ಲಿ ತೀರ್ಮಾನ ಮಾಡುವ ಹಾಗಿಲ್ಲ.

ಬೀಜದ ಕೇಸು ಎಲ್ಲಿಗೆ ಹೋಯಿತು?

ರೈತರಿಗೆ ನೇರ ಸಂಬಂಧಿಸಿದ ದೊಡ್ಡ ಕೇಸು ಬಿಟಿ ಹತ್ತಿಯದು. ಬಿಟಿ ಹತ್ತಿಗೆ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಆಗ 450 ಗ್ರಾಂ ಪೊಟ್ಟಣಕ್ಕೆ 1,600 ರೂಪಾಯಿಗೂ ಮೇಲೆ ಇತ್ತು. ಅದರಲ್ಲಿ ಬಹುಪಾಲು ತಂತ್ರಜ್ಞಾನದ ಶುಲ್ಕ. 2006ರಲ್ಲಿ ಆಂಧ್ರಪ್ರದೇಶ ಸರ್ಕಾರ ಹಳೇ ಏಕಸ್ವಾಮ್ಯ ಆಯೋಗಕ್ಕೆ ಹೋಯಿತು. ಶುಲ್ಕ ಇಳಿಸಲು ಆದೇಶ ಬಂತು. ಆಂಧ್ರ ಸರ್ಕಾರ ಪೊಟ್ಟಣಕ್ಕೆ 750 ರೂಪಾಯಿ ಗರಿಷ್ಠ ಬೆಲೆ ಕಟ್ಟಿತು.

ಆಮೇಲೆ ಹೊಸ ಕಾಯ್ದೆಯಡಿ ಕೇಂದ್ರದ ಕೃಷಿ ಇಲಾಖೆ ಮತ್ತು ಕೆಲವು ಬೀಜ ಕಂಪನಿಗಳು ಮಹಿಕೋ ಮೊನ್ಸಾಂಟೊ ಬಯೋಟೆಕ್ ಮೇಲೆ ದೂರು ಕೊಟ್ಟವು. 2016ರ ಫೆಬ್ರವರಿಯಲ್ಲಿ ಸ್ಪರ್ಧಾ ಆಯೋಗ ತನಿಖೆಗೆ ಆದೇಶ ಮಾಡಿತು. ಕಂಪನಿ ಹೈಕೋರ್ಟಿಗೆ ಹೋಯಿತು. ಅಲ್ಲಿ ಜಗಳ ಬೀಜದ ಬೆಲೆ ಮೇಲಲ್ಲ, ಪೇಟೆಂಟ್ ವಿಷಯದಲ್ಲಿ ಕೈಹಾಕಲು ಈ ಆಯೋಗಕ್ಕೆ ಅಧಿಕಾರ ಇದೆಯೋ ಇಲ್ಲವೋ ಅನ್ನೋದರ ಮೇಲೆ. 2023ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಅಧಿಕಾರ ಇಲ್ಲ ಅಂತ ಹೇಳಿ ಆಯೋಗದ ನಡಾವಳಿಯನ್ನೇ ರದ್ದು ಮಾಡಿತು. ಏಳು ವರ್ಷ ಕಳೆದರೂ ಬಲದ ದುರುಪಯೋಗ ಆಯಿತೋ ಇಲ್ಲವೋ ಅನ್ನೋ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಹಾಗಾದರೆ ರೈತನಿಗೆ ಬೆಲೆ ಇಳಿದದ್ದು ಹೇಗೆ? ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಹತ್ತಿ ಬೀಜದ ಬೆಲೆ ನಿಯಂತ್ರಣ ಆದೇಶ ತಂದಿತು. 2016ರಲ್ಲಿ ಎರಡನೇ ಪೀಳಿಗೆಯ ಬಿಟಿ ಹತ್ತಿ ಪೊಟ್ಟಣಕ್ಕೆ 800 ರೂಪಾಯಿ, ಅದರೊಳಗೆ ತಂತ್ರಜ್ಞಾನ ಶುಲ್ಕ 49 ರೂಪಾಯಿ ಅಂತ ನಿಗದಿ ಮಾಡಿತು. ಇದನ್ನು ಯಾಕೆ ಬರೆದೆ ಅಂದರೆ, ವಕೀಲ ಇದ್ದಾನೆ, ಕಾಯ್ದೆ ಇದೆ ಅಂತ ಕೈಕಟ್ಟಿ ಕೂತರೆ ಆಗಲ್ಲ. ಕೋರ್ಟಿನ ದಾರಿ ದೂರ.

ನಾವು ಮಾಡಬಹುದಾದ್ದು

ಆಯೋಗಕ್ಕೆ ಮಾಹಿತಿಯನ್ನು ಯಾರು ಬೇಕಾದರೂ ಕೊಡಬಹುದು. ರೈತ, ಸೊಸೈಟಿ, ಸಂಘ ಯಾರೂ ಸರಿ. ನಿಗದಿತ ಶುಲ್ಕ ಇದೆ. ವಕೀಲರಿಲ್ಲದೆ ತಾವೇ ಹಾಜರಾಗಬಹುದು. ಹೆಸರು ಗುಟ್ಟಾಗಿಡಿ ಅಂತ ಕೋರಬಹುದು. 2023ರ ತಿದ್ದುಪಡಿ ಪ್ರಕಾರ ಘಟನೆ ಆದ ಮೂರು ವರ್ಷದೊಳಗೆ ದೂರು ಹೋಗಬೇಕು, ತಡವಾದರೆ ಸರಿಯಾದ ಕಾರಣ ತೋರಿಸಬೇಕು.

ಒಂದು ತಿಳಿದಿರಲಿ. ಆಯೋಗ ಹಾಕುವ ದಂಡ ಸರ್ಕಾರದ ಖಜಾನೆಗೆ ಹೋಗುತ್ತೆ, ನಮ್ಮ ಜೇಬಿಗಲ್ಲ. ನಷ್ಟ ಪರಿಹಾರಕ್ಕೆ ಮೇಲ್ಮನವಿ ನ್ಯಾಯಮಂಡಳಿಗೆ ಬೇರೆ ಅರ್ಜಿ ಹಾಕಬೇಕು.

ಇನ್ನು ನಮ್ಮ ಕಣಕ್ಕೆ ಬರುವ ಮೂವರ ವಿಷಯ. ಅದಕ್ಕೆ ಮೊದಲ ಬಾಗಿಲು ಕೊಳ್ಳೇಗಾಲದ ಎಪಿಎಂಸಿ ಕಾರ್ಯದರ್ಶಿ. ಯಾರ್ಡಿನ ಟೆಂಡರಿನಲ್ಲಿ ಒಬ್ಬ ಬರೆದ ಬೆಲೆ ಇನ್ನೊಬ್ಬನಿಗೆ ಕಾಣದ ಹಾಗೆ ಇಟ್ಟಿರೋದು, ರಾಮನಗರದಂಥ ಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ತಂದದ್ದು ಕೂಟ ಮುರಿಯುವುದಕ್ಕೇ. ಟವೆಲ್ ಇರಬೇಕಾದ ಜಾಗದಲ್ಲಿ ಟವೆಲ್ ಹಾಕಿದ ಹಾಗೆ. ಕಣದಲ್ಲಿ ಮಾರಿದರೆ ಆ ರಕ್ಷಣೆ ಇಲ್ಲ.

ಎಲ್ಲಿ ಮಾರಿದರೂ ಬರೆದಿಡಿ. ತಾರೀಖು, ವ್ಯಾಪಾರಿ ಹೆಸರು, ಗಾಡಿ ನಂಬರು, ಹೇಳಿದ ಬೆಲೆ, ಅವತ್ತಿನ ಯಾರ್ಡಿನ ಬೆಲೆ. ಬಿಳಿ ಚೀಟಿಯಾದರೂ ಸರಿ, ಇಸ್ಕೊಂಡು ಇಡಿ. ‘ನಾವು ಮಾತಾಡ್ಕೊಂಡಿದೀವಿ, ಇದಕ್ಕಿಂತ ಮೇಲೆ ಯಾರೂ ಕೊಡಲ್ಲ’ ಅಂತ ಯಾರಾದರೂ ಬಾಯಿ ಬಿಟ್ಟರೆ ಆ ಮಾತನ್ನು ಹಾಗೇ, ಅದೇ ದಿನ ಬರೆದಿಡಿ. ಒಬ್ಬನ ಪುಸ್ತಕ ಗೊಣಗಾಟ, ನಲವತ್ತು ಮನೆ ಪುಸ್ತಕ ದಾಖಲೆ.

ಹೋದ ಸುಗ್ಗಿಯಲ್ಲಿ ಮೊದಲ ವ್ಯಾಪಾರಿ ಬಂದಾಗ ನಾನು ಪುಸ್ತಕ ತೆಗೆದೆ. ‘ಏನ್ ಯಜಮಾನ್ರೆ ಬರ್ಕೊತಿದ್ದೀರಿ?’ ಅಂದ. ‘ವಯಸ್ಸಾಯ್ತಲ್ಲಪ್ಪ, ಮರೆವು’ ಅಂದೆ. ಅವನು ಬೆಲೆ ಏರಿಸಲಿಲ್ಲ. ಆಮೇಲೆ ಬಂದ ಇಬ್ಬರೂ ಅಷ್ಟೇ ಹೇಳಿದರು, ಅದನ್ನೂ ಬರೆದೆ. ಆದರೆ ಈ ಸಲ ಕಣದಲ್ಲಿ ಕೊಡಲಿಲ್ಲ. ಆರು ಮನೆಯವರು ಸೇರಿ ಒಂದೇ ಲಾರಿ ಮಾಡಿಕೊಂಡು ಕೊಳ್ಳೇಗಾಲಕ್ಕೆ ಹೋದೆವು. ಪುಸ್ತಕ ಈಗ ಆರು ಮನೆಯಲ್ಲಿದೆ. ಉಳಿದ ಮೂವತ್ತನಾಲ್ಕು ಮನೆಗೆ ಈ ಬರಹ ಓದಿ ಹೇಳಬೇಕು ಅಂದುಕೊಂಡಿದ್ದೇನೆ.