ಮನೆಯಲ್ಲೇ ಹೊಲಿಯಿರಿ ಹೊಲದ ಅಂಗಿ

ಕಳೆ ತೆಗೆಯುವ ಇಲ್ಲವೇ ಹತ್ತಿ ಬಿಡಿಸುವ ಕಾಲದಲ್ಲಿ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಒಂದು ದೃಶ್ಯ ತಪ್ಪದೆ ಕಣ್ಣಿಗೆ ಬೀಳುತ್ತದೆ. ಸಾಲು ಹಿಡಿದು ಕೆಲಸ ಮಾಡುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟಿರುತ್ತಾರೆ. ಬಿಸಿಲು, ಜೋಳದ ಗರಿಯ ಅಲಗು, ಮುಳ್ಳು, ಪಾರ್ಥೇನಿಯಂ ಕಳೆಯ ತುರಿಕೆ, ಇವುಗಳಿಂದ ಮೈ ಕಾಯಲು ಅವರೇ ಕಂಡುಕೊಂಡ ಉಪಾಯವಿದು. ಉಪಾಯ ಸರಿಯಾದದ್ದೇ. ಆದರೆ ಆ ಅಂಗಿ ಅವರ ಅಳತೆಯದಲ್ಲ. ಹೆಗಲು ಜೋಲು, ತೋಳು ಉದ್ದ, ಗುಂಡಿಗಳು ಅರ್ಧ ಉದುರಿದವು, ಬಗಲು ಹರಿದದ್ದು.

ಎತ್ತಿನ ಹೆಗಲಿಗೆ ನೊಗ ಹೊಂದುತ್ತದೆಯೇ ಎಂದು ನೋಡುವ ನಾವು, ದಿನವಿಡೀ ಬಾಗಿ ದುಡಿಯುವವರ ಹೆಗಲಿಗೆ ಅಂಗಿ ಹೊಂದುತ್ತದೆಯೇ ಎಂದು ನೋಡುವುದು ಅಪರೂಪ. ಹಬ್ಬಕ್ಕೆ, ಮದುವೆಗೆ ಬಟ್ಟೆ ಹೊಲಿಸುತ್ತೇವೆ, ದುಡಿಮೆಗೆಂದು ಹೊಲಿಸುವುದಿಲ್ಲ. ಈ ಕೊರತೆಯನ್ನು ಮನೆಯಲ್ಲೇ ನೀಗಿಸಬಹುದು. ಒಂದು ಹೊಲಿಗೆ ಯಂತ್ರ, ಎರಡೂವರೆ ಮೀಟರ್ ಬಟ್ಟೆ, ಎರಡು ದಿನದ ಬಿಡುವು ಇದ್ದರೆ ಸಾಕು.

ಯಂತ್ರಗಳ ಹಾವಳಿಯ ಬಗ್ಗೆ ಸದಾ ಎಚ್ಚರಿಸುತ್ತಿದ್ದ ಗಾಂಧೀಜಿಯವರೂ 1924ರಲ್ಲಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಹೆಂಡತಿಯ ಶ್ರಮ ಕಡಿಮೆ ಮಾಡಬೇಕೆಂಬ ಪ್ರೀತಿಯಿಂದ ಸಿಂಗರ್ ಅದನ್ನು ರೂಪಿಸಿದನೆಂಬುದು ಅವರು ಕೊಟ್ಟ ಕಾರಣ. ಹಲವು ಮನೆಗಳಲ್ಲಿ ಆ ಯಂತ್ರ ಇಂದು ಮೂಲೆಯಲ್ಲಿ ಮುಸುಕು ಹೊದ್ದು ಕುಳಿತಿದೆ. ಅದನ್ನು ಹೊರತೆಗೆದು, ಎಣ್ಣೆ ಬಿಟ್ಟು, ಕೆಲಸಕ್ಕೆ ಹಚ್ಚೋಣ.

ಬಟ್ಟೆಯ ಆಯ್ಕೆ

ಹೊಲದ ಅಂಗಿಗೆ ಅಪ್ಪಟ ಹತ್ತಿ ಬಟ್ಟೆಯೇ ಉತ್ತಮ. ಸಾಧಾರಣ ಹವೆಯಲ್ಲಿ ಹತ್ತಿಯ ಎಳೆ ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಎಳೆ ಹಿಡಿಯುವುದು ಶೇ. 0.4 ಮಾತ್ರ. ಆದ್ದರಿಂದಲೇ ಹತ್ತಿ ಬಟ್ಟೆ ಬೆವರನ್ನು ಹೀರಿ ಮೈ ತಂಪಾಗಿಡುತ್ತದೆ, ಪಾಲಿಯೆಸ್ಟರ್ ಬಟ್ಟೆ ಮೈಗೆ ಅಂಟಿ ಕಾಡುತ್ತದೆ. ವರಲಕ್ಷ್ಮಿ (1972), ಡಿ.ಸಿ.ಎಚ್.-32 (1981) ಮುಂತಾದ ನಮ್ಮ ಧಾರವಾಡದ ಸಂಕರಣ ತಳಿಗಳ ಉದ್ದ ಎಳೆ ನವಿರು ಬಟ್ಟೆಗೆ ಸೈ. ದುಡಿಮೆಯ ಅಂಗಿಗೆ ಅಷ್ಟು ನವಿರು ಬೇಕಿಲ್ಲ. ಒತ್ತಾದ ನೇಯ್ಗೆಯ, ಸ್ವಲ್ಪ ದಪ್ಪ ನೂಲಿನ ಕೋರಾ ಬಟ್ಟೆ ಅಥವಾ ಖಾದಿ ಬಾಳಿಕೆ ಬರುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆಯ ಬೆಳಕು ಕಡಿಮೆ ಕಂಡಷ್ಟೂ ಬಿಸಿಲಿಗೆ ತಡೆ ಹೆಚ್ಚು.

ನೆನೆಸದೆ ಕತ್ತರಿಸಬೇಡಿ

ಈ ಪಾಠವನ್ನು ನಾನು ಕಲಿತದ್ದು ತಪ್ಪು ಮಾಡಿ. ನನ್ನ ತಾಯಿಯವರು ವರ್ಷಗಟ್ಟಲೆ ತಂದೆಯವರ ಹಳೆಯ ಅಂಗಿಗಳನ್ನೇ ತೊಟ್ಟು ಶೇಂಗಾ ಹೊಲದಲ್ಲಿ ಕಳೆ ತೆಗೆದವರು. ಪ್ರಯೋಗ ತಾಕುಗಳನ್ನು ಟೇಪು ಹಿಡಿದು ಅಳೆಯುವ ನನಗೆ ಒಂದು ಅಂಗಿ ಹೊಲಿಯುವುದು ಯಾವ ಮಹಾ ಕೆಲಸವೆಂದು, ಅಂಗಡಿಯಿಂದ ತಂದ ಬಟ್ಟೆಯನ್ನು ಹಾಗೆಯೇ ಕತ್ತರಿಸಿ ಹೊಲಿದೆ. ಎರಡು ಸಲ ಒಗೆಯುವಷ್ಟರಲ್ಲಿ ತೋಳು ಮುಂಗೈ ಬಿಟ್ಟು ಮೇಲೇರಿತ್ತು. ಬೀಜೋಪಚಾರ ಮಾಡದೆ ಬಿತ್ತಿದವನ ಗತಿಯೇ ನನ್ನದಾಯಿತು. ಹೊಸ ಹತ್ತಿ ಬಟ್ಟೆ ಮೀಟರಿಗೆ 3ರಿಂದ 5 ಸೆಂ.ಮೀ. ಕುಗ್ಗುವುದು ಸಾಮಾನ್ಯ, ಕೋರಾ ಬಟ್ಟೆ ಇನ್ನೂ ಹೆಚ್ಚು ಕುಗ್ಗಬಹುದು. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಹಿಡಿಯಬೇಕು.

ಅಳತೆ ಮತ್ತು ಕತ್ತರಿಕೆ

36 ಅಂಗುಲ ಎದೆಯ ಸುತ್ತಳತೆಯುಳ್ಳವರಿಗೆ, 36 ಅಂಗುಲ ಅಗಲದ ಬಟ್ಟೆಯಲ್ಲಿ ಹೀಗೆ ಕತ್ತರಿಸಬಹುದು:

1. ಮುಂಭಾಗ ಮತ್ತು ಹಿಂಭಾಗ: ತಲಾ 23 ಅಂಗುಲ ಅಗಲ, 31 ಅಂಗುಲ ಉದ್ದ. ಸೀರೆಯ ಮೇಲೆ ತೊಡಲು, ಬಾಗಿ ಏಳಲು ಬೇಕಾದ 8 ಅಂಗುಲ ಸಡಿಲ ಇದರಲ್ಲಿ ಸೇರಿದೆ.
2. ತೋಳು ಎರಡು: ತಲಾ 17 ಅಂಗುಲ ಅಗಲ, 24 ಅಂಗುಲ ಉದ್ದ.
3. ಪಕ್ಕದಲ್ಲಿ ಉಳಿಯುವ 13 ಅಂಗುಲ ಅಗಲದ ಪಟ್ಟಿಯಲ್ಲಿ ಕಾಲರ್, ಗುಂಡಿಪಟ್ಟಿ ಮತ್ತು ಬಗಲಿಗೆ 4 ಅಂಗುಲದ ಎರಡು ಚೌಕ ತುಂಡುಗಳು.

ಈ ಚೌಕ ತುಂಡುಗಳನ್ನು ಅಲಕ್ಷಿಸಬೇಡಿ. ಅಂಗಿ ಮೊದಲು ಹರಿಯುವುದು ಬಗಲಿನಲ್ಲಿ, ಏಕೆಂದರೆ ಕೈ ಚಾಚಿದಾಗಲೆಲ್ಲ ಎಳೆತ ಬೀಳುವುದು ಅಲ್ಲಿ. ತೋಳು ಮತ್ತು ಮೈಭಾಗ ಕೂಡುವಲ್ಲಿ ಚೌಕವನ್ನು ಮೂಲೆಯಾಗಿ ಕೂಡಿಸಿದರೆ ಎಳೆತ ಹಂಚಿಹೋಗುತ್ತದೆ. ಹಳೆಯ ಕಾಲದ ಜುಬ್ಬಗಳ ಬಗಲಿನಲ್ಲಿ ಇದನ್ನು ನೋಡಿರಬಹುದು.

ಹೊಲಿಗೆ

ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿ, ಒಮ್ಮೆ ತೊಡಿಸಿ ನೋಡಿ, ನಂತರ ಯಂತ್ರಕ್ಕೆ ಕೊಡಿ. ದಪ್ಪ ಬಟ್ಟೆಗೆ 16ನೇ ನಂಬರಿನ ಸೂಜಿ ಇರಲಿ. ಅಂಗುಲಕ್ಕೆ 10ರಿಂದ 12 ಹೊಲಿಗೆ ಸಾಕು. ಹೆಗಲು ಮತ್ತು ಬಗಲಿನಲ್ಲಿ ಅಂಚು ಮಡಿಸಿ ಎರಡು ಸಾಲು ಹೊಲಿಗೆ ಹಾಕಬೇಕು. ಮುಂಗೈ ಪಟ್ಟಿಗೆ ಗುಂಡಿ ತಪ್ಪದೆ ಇರಲಿ.

ಔಷಧಿ ಸಿಂಪಡಿಸುವಾಗ

ಸಿಂಪರಣೆಗೆ ಪ್ರತ್ಯೇಕ ಅಂಗಿಯನ್ನೇ ಹೊಲಿಯಬೇಕು. ಅದಕ್ಕೆ ಕಿಸೆ ಬೇಡ, ಔಷಧಿಯ ಪುಡಿ ಅಲ್ಲಿ ಕೂಡುತ್ತದೆ. ಹತ್ತಿ ಬಟ್ಟೆ ಬೆವರಿನಂತೆ ಔಷಧಿಯನ್ನೂ ಹೀರುತ್ತದೆಂಬುದನ್ನು ಮರೆಯಬಾರದು. ಅಂಗಿಯೊಂದೇ ರಕ್ಷಣೆಯಲ್ಲ, ಔಷಧಿಯ ಚೀಟಿಯಲ್ಲಿ ಸೂಚಿಸಿದ ಕೈಗವಸು, ಮುಖಗವಸು, ನೀರು ಹೀರದ ಮುಂಗವಚ ಎಲ್ಲವೂ ಬೇಕು. ಕೆಲಸ ಮುಗಿದೊಡನೆ ಅಂಗಿ ಕಳಚಿ, ಮನೆಮಂದಿಯ ಬಟ್ಟೆಯೊಡನೆ ಬೆರೆಸದೆ, ಕೈಗವಸು ಹಾಕಿಕೊಂಡು ಸಾಬೂನಿನಿಂದ ಅಂದೇ ಒಗೆಯಬೇಕು. ನೀರು ಬೆರೆಸದ ಮೂಲ ಔಷಧಿ ಚೆಲ್ಲಿದ ಬಟ್ಟೆಯನ್ನು ಒಗೆದರೂ ಮತ್ತೆ ತೊಡಬಾರದು.

ತುಂಡಿಗೂ ಬೆಲೆ

ಕತ್ತರಿಸಿ ಉಳಿದ ತುಂಡುಗಳು ಕೌದಿಗೆ ಒದಗುತ್ತವೆ. ಬಿಳಿಯ ಹತ್ತಿ ಬಟ್ಟೆ ಉಳಿದಿದ್ದರೆ ಹತ್ತಿ ಬಿಡಿಸಲು ಉಡಿಚೀಲ ಹೊಲಿಯಿರಿ. ಪ್ಲಾಸ್ಟಿಕ್ ಚೀಲದ ಎಳೆ ಹತ್ತಿಯಲ್ಲಿ ಸೇರಿದರೆ ಬಟ್ಟೆಯಾದ ಮೇಲೂ ಅದು ಬಣ್ಣ ಹಿಡಿಯುವುದಿಲ್ಲ. ಅಂಥ ಹತ್ತಿಗೆ ಬೆಲೆ ಕುಗ್ಗುತ್ತದೆ. ಬಟ್ಟೆಯ ಚೀಲದಲ್ಲಿ ಆ ಭಯವಿಲ್ಲ.

ಮೊದಲ ಅಂಗಿ ಕೆಟ್ಟ ಮೇಲೆ ನಾನು ಬಟ್ಟೆ ನೆನೆಸಿ, ಅಳತೆ ತೆಗೆದು ಎರಡನೆಯದನ್ನು ಹೊಲಿದೆ. ಕಾಲರ್ ಒಂದು ಬದಿಗೆ ತುಸು ವಾರೆಯಾಗಿಯೇ ಕುಳಿತಿತು. ತಾಯಿಯವರು ಅದನ್ನು ತೊಟ್ಟು, ಎರಡೂ ಕೈ ಮೇಲೆತ್ತಿ, ಬಾಗಿ, ಎದ್ದು ನೋಡಿ, “ಇದು ನನ್ನ ಅಳತೀದ ಏನೋ ತಮ್ಮಾ?” ಎಂದು ಕೇಳಿದರು. ಅರವತ್ತು ದಾಟಿದ ಮೇಲೆ, ಹೊಲದ ಕೆಲಸಕ್ಕೆಂದು ಅವರ ಅಳತೆ ಹಿಡಿದದ್ದು ಅದೇ ಮೊದಲು. ಅಂದಿನಿಂದ ವಾರೆಯಾದ ಕಾಲರಿನ ಆ ಅಂಗಿಯನ್ನು ಬಿಟ್ಟು ಅವರು ಹೊಲಕ್ಕೆ ಹೋದದ್ದಿಲ್ಲ.

ರೈತ ಬಾಂಧವರೇ, ಬರುವ ಬೇಸಿಗೆಯಲ್ಲಿ ಕೂರಿಗೆ, ಕುಂಟೆ ರಿಪೇರಿ ಮಾಡಿ ಮುಂಗಾರಿಗೆ ಅಣಿಯಾಗುವಾಗ ಮನೆಯ ಟೇಪನ್ನೂ ಹೊರತೆಗೆಯಿರಿ. ನಿಮ್ಮೊಡನೆ ಹೊಲದಲ್ಲಿ ದುಡಿಯುವವರ ಹೆಗಲಿನ ಅಳತೆ ಎಷ್ಟೆಂದು ಮೊದಲು ಬರೆದಿಟ್ಟುಕೊಳ್ಳಿ. ಉಳಿದದ್ದನ್ನು ಸೂಜಿ ದಾರವೇ ಕಲಿಸುತ್ತದೆ.